ಲೋಟ, ಬಿಂದಿಗೆ, ಸಂಪು: ನಿಮ್ಮ ದಾರಿಗೆ ಯಾವ ಹೈಬ್ರಿಡ್ ಕಾರು?

ಷೋರೂಮಿನಲ್ಲಿ ಎರಡು ಗ್ರ್ಯಾಂಡ್ ವಿಟಾರಾ ಅಕ್ಕಪಕ್ಕ ನಿಂತಿರುತ್ತವೆ. ಮೈಕಟ್ಟು ಒಂದೇ, ಬಾಗಿಲು ಹಾಕಿದರೆ ಬರುವ ಸದ್ದೂ ಒಂದೇ. ಮಾರುವವರು ಎರಡನ್ನೂ ಹೈಬ್ರಿಡ್ ಎನ್ನುತ್ತಾರೆ. ಕಾಗದದ ಮೇಲಿನ ಮೈಲೇಜ್ ಮಾತ್ರ ಒಂದಕ್ಕೆ ಲೀಟರಿಗೆ 21.11 ಕಿ.ಮೀ., ಇನ್ನೊಂದಕ್ಕೆ 27.97. ಟೊಯೊಟಾ ಹೈರೈಡರ್ ನೋಡಲು ಹೋದರೂ ಇದೇ ಕಥೆ. ಒಂದೇ ಕಾರಿಗೆ ಎರಡು ಹೆಸರು. ಎರಡೂ ತಯಾರಾಗುವುದು ನಮ್ಮ ಬಿಡದಿಯಲ್ಲೇ.

ಈ ಎರಡರ ನಡುವಿನ ಅಂತರ ಬರೀ ಮೈಲೇಜಿನದಲ್ಲ, ಯಂತ್ರದ ಜಾತಿಯೇ ಬೇರೆ. ಮೈಲ್ಡ್ ಹೈಬ್ರಿಡ್ ಎಂಬ ಒಂದರಲ್ಲಿ ಎಲೆಕ್ಟ್ರಿಕ್ ಮೋಟಾರು ಪೆಟ್ರೋಲ್ ಎಂಜಿನ್ನಿಗೆ ಕೈಯಾಳು, ಸ್ಟ್ರಾಂಗ್ ಹೈಬ್ರಿಡ್ ಎಂಬ ಇನ್ನೊಂದರಲ್ಲಿ ಸಮಪಾಲುದಾರ. ಹೈಬ್ರಿಡ್ ಎಂಬ ಒಂದೇ ಪದದ ಕೆಳಗೆ ಎರಡನ್ನೂ ಇಟ್ಟು ಮಾರುವುದು ಕೊಳ್ಳುವವರಿಗೆ ಮಾಡುವ ಅನ್ಯಾಯ ಅಂತಲೇ ನನ್ನ ಅನಿಸಿಕೆ. ಕಳೆದ ಎರಡು ವರ್ಷದಲ್ಲಿ ನೆಂಟರು, ಸ್ನೇಹಿತರು ಸೇರಿ ಏಳೆಂಟು ಮಂದಿ ನನ್ನ ಹತ್ತಿರ ಈ ಪ್ರಶ್ನೆ ತಂದಿದ್ದಾರೆ. ನಾನು ಮೊದಲು ಕೇಳುವುದು ಅವರ ಬಜೆಟ್ ಅಲ್ಲ, ಅವರು ದಿನಾ ಓಡಾಡುವ ದಾರಿ ಯಾವುದು ಅಂತ.

ಬ್ಯಾಟರಿ ಎಷ್ಟು ದೊಡ್ಡದು?

ಮನೆಯ ಕರೆಂಟ್ ಬಿಲ್ಲಿನ ಯೂನಿಟ್ಟಿನಲ್ಲೇ ಅಳೆಯೋಣ. ಒಂದು ಕಿಲೋವ್ಯಾಟ್-ಅವರ್ ಅಂದರೆ ಒಂದು ಯೂನಿಟ್. ಎರ್ಟಿಗಾದಂಥ ಮೈಲ್ಡ್ ಹೈಬ್ರಿಡ್‌ನಲ್ಲಿ ಮೋಟಾರಿಗೆಂದು ಇಟ್ಟಿರುವ ಲಿಥಿಯಂ ಬ್ಯಾಟರಿ ಹಿಡಿಯುವುದು 0.1 ಯೂನಿಟ್ಟಿಗಿಂತ ಕಡಿಮೆ. ಹೈರೈಡರ್ ಮತ್ತು ಗ್ರ್ಯಾಂಡ್ ವಿಟಾರಾದ ಸ್ಟ್ರಾಂಗ್ ಹೈಬ್ರಿಡ್‌ನಲ್ಲಿ 0.76 ಯೂನಿಟ್, ಹೋಂಡಾ ಸಿಟಿ ಇ:ಎಚ್‌ಇವಿಯಲ್ಲಿ 0.7 ಯೂನಿಟ್ ಆಸುಪಾಸು. ಚಾರ್ಜರ್ ಚುಚ್ಚಿ ತುಂಬಿಸುವ ಪ್ಲಗ್-ಇನ್ ಹೈಬ್ರಿಡ್‌ಗೆ ಬಂದರೆ, ಹೊರದೇಶಗಳಲ್ಲಿ ಮಾರಾಟವಾಗುವ ಈಗಿನ ಟೊಯೊಟಾ ಪ್ರಿಯಸ್‌ನ ಪ್ಲಗ್-ಇನ್ ಮಾದರಿಯಲ್ಲಿ 13.6 ಯೂನಿಟ್.

ಲೋಟ, ಬಿಂದಿಗೆ, ಸಂಪು. ಮೂರರಲ್ಲೂ ಇರುವುದು ನೀರೇ, ಆದರೆ ಲೋಟದ ನೀರಿನಲ್ಲಿ ಯಾರೂ ಸ್ನಾನ ಮಾಡುವುದಿಲ್ಲ.

ಸ್ಟ್ರಾಂಗ್ ಹೈಬ್ರಿಡ್‌ನ ಬಿಂದಿಗೆ ಪೂರ್ತಿ ತುಂಬಿದರೂ ಅದರಲ್ಲಿರುವುದು ಐದಾರು ರೂಪಾಯಿಯ ಕರೆಂಟು. ಅಷ್ಟನ್ನೂ ಬಳಸಲು ಕಾರು ಬಿಡುವುದೂ ಇಲ್ಲ. ಟೊಯೊಟಾ ಪ್ರಿಯಸ್ ಕಾಲದಿಂದ ಪಾಲಿಸಿಕೊಂಡು ಬಂದ ಪದ್ಧತಿಯೆಂದರೆ, ಬ್ಯಾಟರಿಯನ್ನು ಸುಮಾರು 40ರಿಂದ 80 ಪ್ರತಿಶತದ ನಡುವೆಯೇ ಇಟ್ಟು, 60ರ ಹತ್ತಿರ ನಿಲ್ಲಿಸಲು ನೋಡುವುದು. ಬರಿದಾಗಿಸುವುದೂ ಇಲ್ಲ, ಕಂಠಪೂರ್ತಿ ತುಂಬಿಸುವುದೂ ಇಲ್ಲ. ಹತ್ತಾರು ವರ್ಷ ಹಳೆಯ ಪ್ರಿಯಸ್‌ಗಳು ಜಗತ್ತಿನ ಎಷ್ಟೋ ಊರುಗಳಲ್ಲಿ ಟ್ಯಾಕ್ಸಿಯಾಗಿ ದುಡಿದದ್ದಕ್ಕೆ ಈ ಸಂಯಮವೂ ಒಂದು ಕಾರಣ. ಹೀಗಾಗಿ ಬರೀ ಬ್ಯಾಟರಿಯ ಮೇಲೆ ನೀವು ಹೋಗಬಹುದಾದದ್ದು ಒಂದೇ ಏಟಿಗೆ ಎರಡು ಮೂರು ಕಿಲೋಮೀಟರ್. ಎಂಜಿನ್ ನಿಂತ ಕೂಡಲೇ ಎಲೆಕ್ಟ್ರಿಕ್ ಕಾರೇ ಆಯಿತು ಎಂದುಕೊಂಡವರಿಗೆ ಇದು ನಿರಾಸೆ ತರುತ್ತದೆ. ಆದರೆ ಬಿಂದಿಗೆ ಇರುವುದು ನೀರು ಕೂಡಿಡಲಿಕ್ಕಲ್ಲ, ದಿನಕ್ಕೆ ನೂರು ಸಲ ತುಂಬಿ ಸುರಿಯಲಿಕ್ಕೆ.

ಮೈಲ್ಡ್ ಹೈಬ್ರಿಡ್: ಕೈಯಾಳು

ಇಲ್ಲಿ ಬ್ಯಾಟರಿ ತುಂಬಿಸುವ ಆಲ್ಟರ್ನೇಟರ್ ಇರಬೇಕಾದ ಜಾಗದಲ್ಲಿ, ಅದೇ ಬೆಲ್ಟಿಗೆ ಸಿಕ್ಕಿಸಿದ ಒಂದು ಮೋಟಾರು ಕೂತಿರುತ್ತದೆ. ಬ್ರೇಕ್ ಒತ್ತಿದಾಗ ಒಂದಿಷ್ಟು ಕರೆಂಟು ಮಾಡುತ್ತದೆ, ಸಿಗ್ನಲ್ಲಿನಲ್ಲಿ ನಿಂತ ಎಂಜಿನ್ನನ್ನು ಸದ್ದಿಲ್ಲದೆ ಎಬ್ಬಿಸುತ್ತದೆ, ವೇಗ ಹೆಚ್ಚಿಸುವಾಗ ಎಂಜಿನ್ನಿಗೆ ಹೆಗಲು ಕೊಡುತ್ತದೆ. ಕಾರನ್ನು ಒಂದಡಿಯಷ್ಟೂ ತಾನಾಗಿ ಎಳೆಯುವ ತಾಕತ್ತು ಅದಕ್ಕಿಲ್ಲ.

ಕಾರಣ 12 ವೋಲ್ಟ್. ಶಕ್ತಿಯೆಂದರೆ ವೋಲ್ಟೇಜನ್ನು ಆಂಪಿಯರ್‌ನಿಂದ ಗುಣಿಸಿದ್ದು. 12 ವೋಲ್ಟಿನಲ್ಲಿ 10 ಕಿಲೋವ್ಯಾಟ್ ಪಡೆಯಬೇಕೆಂದರೆ 830 ಆಂಪಿಯರ್ ದಾಟುತ್ತದೆ. ಅಷ್ಟು ಕರೆಂಟು ಹೊರುವ ಕೇಬಲ್ಲು ಹೆಬ್ಬೆರಳಿಗಿಂತ ದಪ್ಪವಾಗಬೇಕು. ಅದಕ್ಕೇ ಸುಜುಕಿಯ ಈ ಮೋಟಾರು ಎರಡು ಮೂರು ಕಿಲೋವ್ಯಾಟ್‌ನಲ್ಲಿ ನಿಲ್ಲುತ್ತದೆ. ಎಂಜಿ ಹೆಕ್ಟರ್ 2019ರಲ್ಲಿ ತಂದಂಥ 48 ವೋಲ್ಟಿನ ವ್ಯವಸ್ಥೆಗಳು ಇನ್ನಷ್ಟು ಬಲ ಕೊಡುತ್ತವೆ, ಆದರೂ ಹೆಗಲು ಕೊಡುವ ಕೆಲಸವೇ. ಹೈರೈಡರ್‌ನ ಸ್ಟ್ರಾಂಗ್ ಹೈಬ್ರಿಡ್ ಬ್ಯಾಟರಿಯದ್ದು 177.6 ವೋಲ್ಟ್. ಕೇಸರಿ ಬಣ್ಣದ ದಪ್ಪ ಕೇಬಲ್ಲುಗಳು ಅದರಲ್ಲಿ ಮಾತ್ರ ಕಾಣುವುದು ಇದಕ್ಕೇ. ಆ ಬಣ್ಣದ ವೈರನ್ನು ಬೀದಿ ಮೆಕ್ಯಾನಿಕ್ ಮುಟ್ಟಕೂಡದು, ನೀವೂ ಮುಟ್ಟಕೂಡದು.

ಮೈಲ್ಡ್ ಹೈಬ್ರಿಡ್ ತಗೊಂಡವರು ಏಪ್ರಿಲ್‌ನಲ್ಲಿ ಗೊಣಗುವ ಒಂದು ವಿಷಯವಿದೆ. ಇವುಗಳಲ್ಲಿ ಏಸಿಯ ಕಂಪ್ರೆಸರ್ ಎಂಜಿನ್ನಿನ ಬೆಲ್ಟಿನಿಂದಲೇ ಓಡುತ್ತದೆ. ಸಿಲ್ಕ್ ಬೋರ್ಡ್ ಜಂಕ್ಷನ್‌ನಲ್ಲಿ ಎಂಜಿನ್ ತಾನಾಗಿ ನಿಂತ ಕ್ಷಣ ಕಂಪ್ರೆಸರೂ ನಿಲ್ಲುತ್ತದೆ, ಬರುವ ಗಾಳಿ ಬೆಚ್ಚಗಾಗತೊಡಗುತ್ತದೆ. ಒಳಗೆ ಸೆಕೆಯಾದರೆ ಎಂಜಿನ್ ಮತ್ತೆ ಶುರುವಾಗುತ್ತದೆ. ಅಂದರೆ ಪೆಟ್ರೋಲು ಉಳಿಯಬೇಕಾದ ಜಾಗದಲ್ಲೇ ಉಳಿತಾಯ ಕರಗುತ್ತದೆ. ಬೇಸರಪಟ್ಟು ಆ ಸ್ಟಾರ್ಟ್-ಸ್ಟಾಪ್ ಗುಂಡಿಯನ್ನೇ ಆರಿಸಿ ಓಡಿಸುವವರನ್ನು ಬೇಕಾದಷ್ಟು ನೋಡಿದ್ದೇನೆ.

ಹಾಗಂತ ಇದನ್ನು ತಳ್ಳಿಹಾಕುವುದಿಲ್ಲ. ಬೆಲೆ ಕಡಿಮೆ, ರಿಪೇರಿ ಸುಲಭ, ಡಿಕ್ಕಿಯ ಜಾಗಕ್ಕೆ ಕುತ್ತಿಲ್ಲ. ಇನ್ನೊಂದು ಮಾತು ಮಲೆನಾಡಿನವರಿಗೆ: ಗ್ರ್ಯಾಂಡ್ ವಿಟಾರಾದಲ್ಲಿ ನಾಲ್ಕೂ ಚಕ್ರಕ್ಕೆ ಬಲ ಕೊಡುವ ಆಲ್‌ಗ್ರಿಪ್ ಸಿಗುವುದು ಮೈಲ್ಡ್ ಹೈಬ್ರಿಡ್‌ನಲ್ಲಿ, ಸ್ಟ್ರಾಂಗ್‌ನಲ್ಲಿ ಮುಂದಿನ ಚಕ್ರಕ್ಕೆ ಮಾತ್ರ ಬಲ. ಜುಲೈ ತಿಂಗಳಲ್ಲಿ ಕಾಫಿ ತೋಟದ ಮಣ್ಣು ದಾರಿ ಹತ್ತಬೇಕಾದವರಿಗೆ ಲೀಟರಿಗೆ ಆರೇಳು ಕಿಲೋಮೀಟರ್ ಉಳಿತಾಯಕ್ಕಿಂತ ಹಿಂದಿನ ಚಕ್ರದ ಎಳೆತ ದೊಡ್ಡದು.

ಟೊಯೊಟಾ ಒಂದು ಬಗೆ, ಹೋಂಡಾ ಇನ್ನೊಂದು

ಸ್ಟ್ರಾಂಗ್ ಹೈಬ್ರಿಡ್‌ಗಳೆಲ್ಲ ಒಂದೇ ಎಂದುಕೊಳ್ಳುವುದು ಎರಡನೇ ತಪ್ಪು. ನನಗೆ ತುಂಬ ಇಷ್ಟವಾದ ಭಾಗವೂ ಇದೇ.

ಟೊಯೊಟಾದ ವ್ಯವಸ್ಥೆಯ ನಡುವೆ ಇರುವುದು ಒಂದು ಗ್ರಹಚಕ್ರ ಗೇರು: ನಡುವೆ ಸೂರ್ಯ, ಸುತ್ತ ಗ್ರಹಗಳು, ಹೊರಗೆ ಉಂಗುರ. ಎಂಜಿನ್ ತಿರುಗಿಸುವುದು ಗ್ರಹಗಳನ್ನು ಹಿಡಿದ ಚೌಕಟ್ಟನ್ನು. ಸೂರ್ಯನಿಗೆ ಒಂದು ಮೋಟಾರು ಸೇರಿದೆ; ಜನರೇಟರೂ ಅದೇ, ಎಂಜಿನ್ನಿನ ಸ್ಟಾರ್ಟರೂ ಅದೇ. ಚಕ್ರಗಳ ಕಡೆಗೆ ಹೋಗುವ ಉಂಗುರದ ದಿಕ್ಕಿನಲ್ಲಿ ಎರಡನೇ, ದೊಡ್ಡ ಮೋಟಾರು. 1997ರ ಡಿಸೆಂಬರಿನಲ್ಲಿ ಜಪಾನಿನಲ್ಲಿ ಬಂದ ಮೊದಲ ಪ್ರಿಯಸ್‌ನಲ್ಲಿ ಉಂಗುರಕ್ಕೆ 78 ಹಲ್ಲು, ಸೂರ್ಯನಿಗೆ 30. ಆ ಲೆಕ್ಕದಲ್ಲಿ ಎಂಜಿನ್ನಿನ ತಿರುಚುಬಲದಲ್ಲಿ (ಟಾರ್ಕ್) 72 ಪ್ರತಿಶತ ನೇರ ಚಕ್ರದ ಕಡೆಗೆ, 28 ಪ್ರತಿಶತ ಜನರೇಟರಿನ ಕಡೆಗೆ ಹಂಚಿಹೋಗುತ್ತದೆ. ಹಲ್ಲುಗಳ ಈ ಹಂಚಿಕೆಯನ್ನು ಯಾವ ಕಂಪ್ಯೂಟರೂ ಬದಲಿಸಲಾರದು. ಕಂಪ್ಯೂಟರಿನ ಕೈಯಲ್ಲಿರುವುದು ಸೂರ್ಯನ ವೇಗ. ಅದನ್ನು ಹೆಚ್ಚುಕಡಿಮೆ ಮಾಡಿ ಎಂಜಿನ್ ಯಾವ ವೇಗದಲ್ಲಿ ತಿರುಗಬೇಕು ಎಂದು ತೀರ್ಮಾನಿಸುತ್ತದೆ. ಕ್ಲಚ್ಚಿಲ್ಲ, ಬದಲಾಯಿಸುವ ಗೇರುಗಳಿಲ್ಲ, ರಿವರ್ಸ್ ಗೇರೂ ಇಲ್ಲ. ಹಿಂದಕ್ಕೆ ಹೋಗಬೇಕಾದರೆ ದೊಡ್ಡ ಮೋಟಾರು ಉಲ್ಟಾ ತಿರುಗುತ್ತದೆ, ಅಷ್ಟೇ.

ಹೋಂಡಾ ಸಿಟಿ ಇ:ಎಚ್‌ಇವಿಯಲ್ಲೂ ಎರಡು ಮೋಟಾರು, ಆದರೆ ನಡುವೆ ಗ್ರಹವೂ ಇಲ್ಲ, ಸೂರ್ಯನೂ ಇಲ್ಲ. ಊರೊಳಗೆ ಎಂಜಿನ್ನಿಗೂ ಚಕ್ರಕ್ಕೂ ಸಂಬಂಧವೇ ಇರುವುದಿಲ್ಲ. ಎಂಜಿನ್ ಜನರೇಟರ್ ತಿರುಗಿಸುತ್ತದೆ, ಆ ಕರೆಂಟಿನಿಂದ ಇನ್ನೊಂದು ಮೋಟಾರು ಚಕ್ರ ಎಳೆಯುತ್ತದೆ. ಎಳೆಯುವ ಮೋಟಾರಿಗೆ 253 ನ್ಯೂಟನ್-ಮೀಟರ್ ಟಾರ್ಕ್ ಇರುವುದರಿಂದ ಸಿಗ್ನಲ್ ಬಿಟ್ಟಾಗಿನ ಪಿಕಪ್ ಎಲೆಕ್ಟ್ರಿಕ್ ಕಾರಿನದ್ದೇ. ಆದರೆ ಯಂತ್ರಬಲವನ್ನು ಕರೆಂಟಾಗಿಸಿ, ಕರೆಂಟನ್ನು ಮತ್ತೆ ಯಂತ್ರಬಲವಾಗಿಸುವಾಗ ಪ್ರತಿ ಮೆಟ್ಟಿಲಲ್ಲೂ ಸೋರಿಕೆ ಇದ್ದೇ ಇದೆ. ಹೆದ್ದಾರಿಯಲ್ಲಿ ಒಂದೇ ವೇಗದಲ್ಲಿ ಹೋಗುವಾಗ ಆ ಸೋರಿಕೆ ದುಬಾರಿ. ಆಗ ಒಂದು ಕ್ಲಚ್ಚು ಕಚ್ಚಿಕೊಂಡು, ಒಂದೇ ಗೇರಿನಲ್ಲಿ, ಎಂಜಿನ್ನನ್ನು ನೇರ ಚಕ್ರಕ್ಕೆ ಜೋಡಿಸುತ್ತದೆ. ತುಮಕೂರು ದಾಟಿ ಶಿರಾ ಕಡೆಗೆ ಸಮವೇಗದಲ್ಲಿ ಹೋಗುವಾಗ ಮೀಟರಿನಲ್ಲಿ ಈ ಜೋಡಣೆಯ ಗುರುತು ಬಂದು ಹೋಗುವುದನ್ನು ನೋಡಬಹುದು.

ಕಾಗದದ ಮೇಲಿನ ಬಲದ ಅಂಕಿಗಳು ಬಹಳ ಜನರನ್ನು ದಾರಿ ತಪ್ಪಿಸುತ್ತವೆ. ಹೈರೈಡರ್‌ನ ಎಂಜಿನ್ 92 ಅಶ್ವಶಕ್ತಿ, ಮೋಟಾರು 80. ಕೂಡಿದರೆ 172 ಆಗಬೇಕಿತ್ತು, ಕಂಪನಿ ಕೊಡುವ ಒಟ್ಟು ಅಂಕಿ 116. ಇನೋವಾ ಹೈಕ್ರಾಸ್‌ನಲ್ಲಿ ಎಂಜಿನ್ 152, ಮೋಟಾರು 113, ಒಟ್ಟು 186. ಇದು ಮೋಸವಲ್ಲ. ದೊಡ್ಡ ಮೋಟಾರಿಗೆ ಬರುವ ಕರೆಂಟಿನಲ್ಲಿ ಬಹುಪಾಲು ಎಂಜಿನ್ನೇ ಜನರೇಟರ್ ಮೂಲಕ ಕೊಟ್ಟದ್ದು. ಅದನ್ನು ಎರಡು ಸಲ ಎಣಿಸುವಂತಿಲ್ಲ. ಬ್ಯಾಟರಿ ತನ್ನ ಕಿಸೆಯಿಂದ ಸೇರಿಸುವುದು ಒಟ್ಟಿನಿಂದ ಎಂಜಿನ್ನಿನದ್ದನ್ನು ಕಳೆದಾಗ ಉಳಿಯುವಷ್ಟು: ಹೈರೈಡರ್‌ನಲ್ಲಿ ಸುಮಾರು 24 ಅಶ್ವಶಕ್ತಿ, ಹೈಕ್ರಾಸ್‌ನಲ್ಲಿ 34. ಅದೂ ಬಿಂದಿಗೆಯಲ್ಲಿ ನೀರಿರುವ ತನಕ. ಈ ಒಂದು ಕಳೆಯುವ ಲೆಕ್ಕ ಗೊತ್ತಿದ್ದರೆ ಘಾಟಿಯಲ್ಲಿ ಕಾರು ಹೇಗೆ ವರ್ತಿಸುತ್ತದೆ ಎಂದು ಕೊಳ್ಳುವ ಮೊದಲೇ ಹೇಳಬಹುದು.

ಘಾಟಿಯ ಪರೀಕ್ಷೆ

ಆಗುಂಬೆಯಿಂದ ಸೋಮೇಶ್ವರಕ್ಕೆ 14 ತಿರುವು. ನಾಲ್ಕು ಮಂದಿ ಕೂತ ಹೈರೈಡರ್ ಸುಮಾರು 1,600 ಕಿಲೋ ತೂಗುತ್ತದೆ ಎನ್ನೋಣ. 500 ಮೀಟರ್ ಎತ್ತರ ಇಳಿದರೆ ಅದು ಬಿಟ್ಟುಕೊಡುವ ಶಕ್ತಿ 2.2 ಯೂನಿಟ್ ಹತ್ತಿರ. ಟೈರು, ಗಾಳಿ ಸೇರಿ ಕಾಲು ಭಾಗ ತಿಂದರೂ ಒಂದೂವರೆ ಯೂನಿಟ್ ಉಳಿಯುತ್ತದೆ. ಬಿಂದಿಗೆಯಲ್ಲಿ ಖಾಲಿ ಜಾಗ ಎಷ್ಟು? 60ರಿಂದ 80 ಪ್ರತಿಶತಕ್ಕೆ ಏರಲು 0.15 ಯೂನಿಟ್ ಸಾಕು. ಅಂದರೆ ಮೊದಲ ಎರಡು ಮೂರು ತಿರುವಿಗೇ ಬ್ಯಾಟರಿ ತುಂಬುತ್ತದೆ.

ಆಮೇಲೆ ಏನಾಗುತ್ತದೆ ಎಂಬುದು ಹೊಸಬರನ್ನು ಗಾಬರಿ ಮಾಡುತ್ತದೆ. ಆಕ್ಸಿಲರೇಟರ್ ಮುಟ್ಟದೆ ಇಳಿಯುತ್ತಿದ್ದರೂ ಎಂಜಿನ್ ಜೋರಾಗಿ ಕೂಗತೊಡಗುತ್ತದೆ. ಪೆಟ್ರೋಲು ಉರಿಯುತ್ತಿಲ್ಲ, ಹಿಡಿಯಲು ಜಾಗವಿಲ್ಲದ ಕರೆಂಟನ್ನು ಖರ್ಚು ಮಾಡಲು ಜನರೇಟರೇ ಎಂಜಿನ್ನನ್ನು ಸುಮ್ಮನೆ ತಿರುಗಿಸುತ್ತಿದೆ, ಹಳೆಯ ಕಾರಿನಲ್ಲಿ ಸೆಕೆಂಡ್ ಗೇರಿಗೆ ಹಾಕಿದಂತೆ. ಟೊಯೊಟಾ ಕಾರುಗಳಲ್ಲಿ ಗೇರ್ ಲಿವರನ್ನು ಬಿ ಸ್ಥಾನಕ್ಕೆ ತಂದರೆ ಇದೇ ಕೆಲಸ ಬೇಕೆಂದೇ ನಡೆಯುತ್ತದೆ. ಘಾಟಿ ಇಳಿಯುವಾಗ ಬಿ ಹಾಕಿ, ಸಮತಟ್ಟಿನಲ್ಲಿ ತೆಗೆಯಿರಿ. ಹೋಂಡಾದಲ್ಲಿ ಸ್ಟಿಯರಿಂಗಿನ ಹಿಂದಿರುವ ಪ್ಯಾಡಲ್‌ಗಳಿಂದ ಈ ಹಿಡಿತವನ್ನು ಹಂತಹಂತವಾಗಿ ಹೆಚ್ಚಿಸಬಹುದು. ತಿರುವು ಹತ್ತಿರವಾದಂತೆ ಒಂದು ಸಲ ಒತ್ತುವುದು ರೂಢಿಯಾದರೆ ಬಿಡಲು ಮನಸ್ಸೇ ಬರುವುದಿಲ್ಲ, ಅಷ್ಟು ಹಿತ.

ಹತ್ತುವಾಗ ಲೆಕ್ಕ ತಿರುಗಿಬೀಳುತ್ತದೆ. ಬ್ಯಾಟರಿಯ 24 ಅಶ್ವಶಕ್ತಿ ಮೊದಲ ಕೆಲವು ತಿರುವಿಗೆ ಮುಗಿದು, ಉಳಿದದ್ದನ್ನು 1.5 ಲೀಟರಿನ ಮೂರು ಸಿಲಿಂಡರ್ ಎಂಜಿನ್ನೇ ಹೊರಬೇಕು. ಸದ್ದು ಏರುತ್ತದೆ, ವೇಗ ಅದಕ್ಕೆ ತಕ್ಕಂತೆ ಏರುವುದಿಲ್ಲ. ಕಾರು ಕೆಟ್ಟಿಲ್ಲ, ಆದರೆ ವಾರವಾರವೂ ಸಾಮಾನು ತುಂಬಿಕೊಂಡು ಚಾರ್ಮಾಡಿ ಹತ್ತುವ ಕುಟುಂಬಕ್ಕೆ ನಾನು ಇದನ್ನು ಹೇಳದೆ ಬಿಡುವುದಿಲ್ಲ. ಹೈಕ್ರಾಸ್‌ನ 2 ಲೀಟರಿನ ನಾಲ್ಕು ಸಿಲಿಂಡರ್ ಎಂಜಿನ್ ಇದೇ ಪರೀಕ್ಷೆಯಲ್ಲಿ ಸಲೀಸಾಗಿ ಪಾಸಾಗುತ್ತದೆ, ಬೆಲೆಯೂ ಹಾಗೇ ಇದೆ.

ಬೆಂಗಳೂರಿನ ಟ್ರಾಫಿಕ್ಕಿನಲ್ಲಿ ಮಾತ್ರ ಸ್ಟ್ರಾಂಗ್ ಹೈಬ್ರಿಡ್‌ಗೆ ಎದುರಾಳಿಯಿಲ್ಲ. ಏಸಿ ಕಂಪ್ರೆಸರ್ ಬ್ಯಾಟರಿಯಿಂದಲೇ ಓಡುವುದರಿಂದ ಎಂಜಿನ್ ಮಲಗಿದ್ದರೂ ಒಳಗೆ ತಂಪು. ಹತ್ತು ಮೀಟರ್ ತೆವಳು, ನಿಲ್ಲು, ಮತ್ತೆ ತೆವಳು ಎಂಬ ಕೆಲಸವನ್ನೆಲ್ಲ ಮೋಟಾರು ಮಾಡುತ್ತದೆ. ಬ್ಯಾಟರಿ ಇಳಿದಾಗ ಎಂಜಿನ್ ಎದ್ದು ಕೆಲವು ನಿಮಿಷ ತುಂಬಿಸಿ ಮತ್ತೆ ಮಲಗುತ್ತದೆ. ಬ್ರೇಕನ್ನು ದೂರದಿಂದಲೇ ಮೆತ್ತಗೆ ಒತ್ತಿದರೆ ವೇಗದ ಬಹುಪಾಲು ಕರೆಂಟಾಗಿ ವಾಪಸ್ಸು. ಗಕ್ಕನೆ ಒತ್ತಿದರೆ ಅಷ್ಟನ್ನು ಒಮ್ಮೆಗೇ ಹಿಡಿಯಲು ಬ್ಯಾಟರಿಗೆ ಆಗದೆ, ಡಿಸ್ಕ್ ಬಿಸಿಯಾಗಿ ಹೋಗುತ್ತದೆ.

ದುಡ್ಡಿನ ಲೆಕ್ಕ

ಹೈಬ್ರಿಡ್ ಲಾಂಗ್ ಡ್ರೈವಿಗೆ ಒಳ್ಳೆಯದು ಎಂದು ನಂಬಿದವರು ಬಹಳ. ನನ್ನ ಲೆಕ್ಕ ಉಲ್ಟಾ ಹೇಳುತ್ತದೆ. ವರ್ಷಕ್ಕೆ 15,000 ಕಿ.ಮೀ., ಪೆಟ್ರೋಲು ಲೀಟರಿಗೆ 103 ರೂಪಾಯಿ, ಎರಡು ಕಾರಿನ ಬೆಲೆಯ ಅಂತರ ಎರಡೂವರೆ ಲಕ್ಷ ಎಂದಿಟ್ಟುಕೊಳ್ಳಿ. ಊರೊಳಗೇ ಓಡಾಡುವವರಿಗೆ ಸಾದಾ ಕಾರು 12, ಸ್ಟ್ರಾಂಗ್ ಹೈಬ್ರಿಡ್ 20 ಕೊಟ್ಟರೆ ವರ್ಷಕ್ಕೆ 500 ಲೀಟರ್, ಅಂದರೆ 51,500 ರೂಪಾಯಿ ಉಳಿಯುತ್ತದೆ. ಐದು ವರ್ಷಕ್ಕೆ ಅಸಲು ಬಂತು. ಅಷ್ಟೇ ದೂರ ಹೆದ್ದಾರಿಯಲ್ಲಿ ಓಡಿ ಒಂದು 18, ಇನ್ನೊಂದು 21 ಕೊಟ್ಟರೆ ಉಳಿಯುವುದು 120 ಲೀಟರ್ ಅಷ್ಟೇ. ಅಸಲು ಬರಲು ಇಪ್ಪತ್ತು ವರ್ಷ ಬೇಕು! ಇನ್ನು ವರ್ಷಕ್ಕೆ 6,000 ಕಿ.ಮೀ. ಮಾತ್ರ ಓಡಿಸುವವರಿಗೆ ಊರೊಳಗೂ ಹನ್ನೆರಡು ವರ್ಷ. ಈ 12, 20, 18, 21 ನಾನು ಇಟ್ಟುಕೊಂಡ ಅಂಕಿಗಳು. ಅಲ್ಲಿ ನಿಮ್ಮ ಕಾರಿನ ಅಂಕಿ ಹಾಕಿ ನೋಡಿ.

ತೆರಿಗೆಯೂ ಹೈಬ್ರಿಡ್ ಪರವಾಗಿಲ್ಲ. 2025ರ ಸೆಪ್ಟೆಂಬರ್ 22ರಿಂದ ನಾಲ್ಕು ಮೀಟರಿಗಿಂತ ಉದ್ದದ ಹೈಬ್ರಿಡ್‌ಗೆ 40 ಪ್ರತಿಶತ ಜಿಎಸ್‌ಟಿ, ಪೂರ್ಣ ಎಲೆಕ್ಟ್ರಿಕ್ ಕಾರಿಗೆ 5 ಮಾತ್ರ. ಉತ್ತರ ಪ್ರದೇಶ 2024ರ ಜುಲೈನಲ್ಲಿ ಸ್ಟ್ರಾಂಗ್ ಹೈಬ್ರಿಡ್‌ನ ನೋಂದಣಿ ತೆರಿಗೆ ಮನ್ನಾ ಮಾಡಿತು. ಹಾಗಾಗಿ ನೊಯ್ಡಾ ಕಡೆಯವರು ಆಗ ಮಾಡಿದ ವಿಡಿಯೊದಲ್ಲಿ ಹೇಳುವ ಆನ್-ರೋಡ್ ದರ ನೋಡಿ ಇಲ್ಲಿ ಲೆಕ್ಕ ಹಾಕಬೇಡಿ.

ಪ್ಲಗ್-ಇನ್ ಹೈಬ್ರಿಡ್ ಬಗ್ಗೆ ಚಿಕ್ಕದಾಗಿ ಹೇಳಿ ಮುಗಿಸುತ್ತೇನೆ, ಯಾಕೆಂದರೆ ನಮ್ಮಲ್ಲಿ ಅದು ಇನ್ನೂ ಕೋಟಿ ರೂಪಾಯಿಯವರ ಮಾತು. ಅಮೆರಿಕ, ಯುರೋಪಿನಲ್ಲಿರುವ ನಮ್ಮವರು ಕೇಳುತ್ತಾರೆ. ಮನೆಯಲ್ಲಿ ಚಾರ್ಜರ್ ಇದ್ದು, ಆಫೀಸು ಹೋಗಿಬರುವ ದಾರಿ ಐವತ್ತು ಅರವತ್ತು ಕಿಲೋಮೀಟರಿನೊಳಗಿದ್ದರೆ ವಾರವಿಡೀ ಪೆಟ್ರೋಲು ಮುಟ್ಟದೆ ಓಡಾಡಬಹುದು. ಆದರೆ ಸಂಪು ತುಂಬಿಸದೆ ಬಿಟ್ಟರೆ ಅದು ಹೊರೆ. ಎರಡು ಮೂರು ಕ್ವಿಂಟಾಲ್ ಬ್ಯಾಟರಿ, ಮೋಟಾರು, ಚಾರ್ಜರುಗಳನ್ನು ಪೆಟ್ರೋಲು ಸುಟ್ಟು ಹೊತ್ತಂತೆ. ಯುರೋಪಿಯನ್ ಕಮಿಷನ್ 2024ರಲ್ಲಿ ಪ್ರಕಟಿಸಿದ ವರದಿಯ ಪ್ರಕಾರ ರಸ್ತೆಯಲ್ಲಿ ಪ್ಲಗ್-ಇನ್‌ಗಳು ಉಗುಳುವ ಇಂಗಾಲ ಪ್ರಯೋಗಾಲಯದ ಅಂಕಿಗಿಂತ ಸರಾಸರಿ ಮೂರೂವರೆ ಪಟ್ಟು. ಜನ ಚಾರ್ಜ್ ಮಾಡುವುದು ಅಂದುಕೊಂಡಷ್ಟಿಲ್ಲ.

ಟೆಸ್ಟ್ ಡ್ರೈವಿಗೆ ಹೋದಾಗ

ಮಧ್ಯಾಹ್ನ ಎರಡು ಗಂಟೆಗೆ ಹೋಗಿ, ಏಸಿ ಹಾಕಿ, ಟ್ರಾಫಿಕ್ಕಿಗೇ ನುಗ್ಗಿ. ಖಾಲಿ ರಿಂಗ್ ರೋಡಿನಲ್ಲಿ ಎಲ್ಲ ಕಾರೂ ಚೆಂದವೇ. ಪರದೆಯ ಮೇಲೆ ಶಕ್ತಿ ಎಲ್ಲಿಂದ ಎಲ್ಲಿಗೆ ಹರಿಯುತ್ತಿದೆ ಎಂದು ತೋರಿಸುವ ಚಿತ್ರ ತೆರೆದಿಡಿ. ಹತ್ತು ನಿಮಿಷದಲ್ಲಿ ಎಂಜಿನ್ ಎಷ್ಟು ಹೊತ್ತು ಮಲಗಿತ್ತು ಎಂದು ಎಣಿಸಿ.

ಮನೆಯ ದೊಡ್ಡ ಸೂಟ್‌ಕೇಸ್ ಜೊತೆಗೇ ಒಯ್ಯಿರಿ. ಸಾದಾ ಸಿಟಿಯ ಡಿಕ್ಕಿ 506 ಲೀಟರ್, ಇ:ಎಚ್‌ಇವಿಯದು 306. ಗ್ರ್ಯಾಂಡ್ ವಿಟಾರಾದಲ್ಲಿ ಮೈಲ್ಡ್‌ಗೆ 373, ಸ್ಟ್ರಾಂಗ್‌ಗೆ 265. ಕಾಣೆಯಾದ ಜಾಗದಲ್ಲಿ ಬ್ಯಾಟರಿ ಕೂತಿದೆ. ಆ ಬ್ಯಾಟರಿಯನ್ನು ತಣ್ಣಗಿಡಲು ಕಾರಿನ ಒಳಗಿನ ಗಾಳಿಯನ್ನೇ ಎಳೆದುಕೊಳ್ಳುವ ಜಾಲರಿ ಎಲ್ಲಿದೆ ಎಂದು ಕೇಳಿ ತಿಳಿದುಕೊಳ್ಳಿ. ಅದರ ಮುಂದೆ ಚೀಲ, ಕಂಬಳಿ ಇಡಬಾರದು. ಅದರ ಫಿಲ್ಟರನ್ನು ಪ್ರತಿ ಸರ್ವೀಸಿನಲ್ಲೂ ಶುಚಿ ಮಾಡಿಸಬೇಕು. ಟೊಯೊಟಾ, ಹೋಂಡಾ ಎರಡೂ ಈ ಬ್ಯಾಟರಿಗೆ 8 ವರ್ಷ ಅಥವಾ 1,60,000 ಕಿ.ಮೀ. ವಾರಂಟಿ ಕೊಡುತ್ತವೆ. ಸೆಕೆಂಡ್ ಹ್ಯಾಂಡ್ ಕೊಳ್ಳುವವರು ಮೊದಲು ಎಣಿಸಬೇಕಾದದ್ದು ಉಳಿದಿರುವ ಆ ವರ್ಷಗಳನ್ನೇ.

ಕೊನೆಯದು ನಾನೇ ಪೇಚಿಗೆ ಸಿಕ್ಕು ಕಲಿತದ್ದು. ಸ್ಟ್ರಾಂಗ್ ಹೈಬ್ರಿಡ್‌ನಲ್ಲೂ ಒಂದು ಸಾಮಾನ್ಯ 12 ವೋಲ್ಟ್ ಬ್ಯಾಟರಿ ಇರುತ್ತದೆ. ಕಂಪ್ಯೂಟರುಗಳನ್ನು ಎಬ್ಬಿಸುವುದು, ದೊಡ್ಡ ಬ್ಯಾಟರಿಯ ಬಾಗಿಲು ತೆರೆಯುವುದು ಅದೇ. ಒಂದು ತಿಂಗಳು ಊರಲ್ಲಿದ್ದು ಬಂದಾಗ ನನ್ನ ಕಾರಿನಲ್ಲಿ ಅದು ಸತ್ತುಹೋಗಿತ್ತು. 177 ವೋಲ್ಟಿನ ಬ್ಯಾಟರಿ ತುಂಬಿದ್ದರೂ ಬಾಗಿಲು ಕೂಡ ತೆಗೆಯಲಾಗದೆ ಬೇಸ್‌ಮೆಂಟಿನಲ್ಲಿ ನಿಂತಿದ್ದೆ. ಕೀಲಿಯೊಳಗೆ ಅಡಗಿರುವ ಪುಟ್ಟ ಲೋಹದ ಕೀಲಿಯಿಂದ ಬಾಗಿಲು ತೆಗೆದು, ಪಕ್ಕದ ಮನೆಯವರ ಕಾರಿನಿಂದ ಜಂಪ್ ಕೊಟ್ಟ ಮೇಲೆ ಎದ್ದಿತು. ಈಗ ಎರಡು ವಾರಕ್ಕಿಂತ ಹೆಚ್ಚು ಊರಿಗೆ ಹೋಗುವಾಗ ಕೀಲಿಯನ್ನು ಪಕ್ಕದವರಿಗೆ ಕೊಟ್ಟು ಹೋಗುತ್ತೇನೆ. ವಾರಕ್ಕೊಮ್ಮೆ ರೆಡಿ ದೀಪ ಬರುವ ತನಕ ಬ್ರೇಕ್ ಒತ್ತಿ ಗುಂಡಿ ಅದುಮಿ, ಅರ್ಧ ಗಂಟೆ ಹಾಗೇ ಬಿಡುತ್ತಾರೆ.